ನಮ್ಮ ಅತ್ತೆಗೆ ಕಂಪನಿ ನೋಡಿದ್ದು

ನಮ್ಮ ಅತ್ತೆಯನ್ನು ನೀವು ಇನ್ನೂ ನೋಡಿಲ್ಲವೆಂದರೆ ಅದು ನಿಮ್ಮ ಪುಣ್ಯ. ನೋಡಿದ್ದೀರಿ ಎಂದರೆ, ಅಷ್ಟರಲ್ಲಿ ಆಕೆ ನಿಮ್ಮನ್ನು ಹಿಂದೆ ಮುಂದೆ ಎಲ್ಲ ನೋಡಿ ಮುಗಿಸಿರುತ್ತಾಳೆ! ಅದರಲ್ಲೂ ಹಿಂದೆ. ಈ ಜಗತ್ತಿನಲ್ಲಿ ಯಾವುದನ್ನೇ ಆಗಲಿ ಬರೀ ಮುಂದಿನಿಂದ ನೋಡುವವರು ಶುದ್ಧ ದಡ್ಡರು ಎಂಬುದು ಆಕೆಯ ಸಿದ್ಧಾಂತ.

"ಮುಂದ ಎಲ್ಲಾರೂ ಬಣ್ಣ ಹೊಡದಿರ್ತಾರಲೇ. ಹಿಂದ ಹೋಗಿ ನೋಡು, ಖರೇ ಮಾರಿ ಅಲ್ಲಿರ್ತೈತಿ."

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮದುವೆಯಾಗಿಲ್ಲ, ಬಳ್ಳಾರಿಯ ನಮ್ಮ ಮನೆಯಲ್ಲೇ ಇದ್ದಾಳೆ. ಆಕೆಯ ಮನೆಯಲ್ಲಿ ನಾವಿದ್ದೇವೆ ಎಂದರೂ ನಡೆಯುತ್ತದೆ, ಏಕೆಂದರೆ ನಾವ್ಯಾರೂ ಗಟ್ಟಿಯಾಗಿ ಉಸಿರಾಡುವ ಮುಂಚೆ ಒಮ್ಮೆ ಆಕೆಯ ಮುಖ ನೋಡಿಕೊಳ್ಳುತ್ತೇವೆ.

ಹೋಟೆಲಿಗೆ ಹೋದರೆ ಎಲ್ಲರೂ ಖಾಲಿ ಕುರ್ಚಿ ಹುಡುಕುತ್ತಾರೆ, ಅತ್ತೆ ಹಿತ್ತಲ ಬಾಗಿಲು ಹುಡುಕುತ್ತಾಳೆ. ತಟ್ಟೆ ತೊಳೆಯುವ ಜಾಗವನ್ನು ಕಣ್ಣಾರೆ ನೋಡಿ ಬಂದು ತೀರ್ಪು ಕೊಡುತ್ತಾಳೆ. ತೀರ್ಪು ಎರಡೇ ಬಗೆ. "ದ್ವಾಸಿ ಹೇಳ್ರಿ" ಅಥವಾ "ಏಳ್ರಿ". ನಮ್ಮ ಊರಿನ ಎಷ್ಟೋ ಹೋಟೆಲಿನವರು ಆಕೆ ಮೆಟ್ಟಿಲು ಹತ್ತುವುದನ್ನು ಕಂಡರೆ ಗಲ್ಲಾಪೆಟ್ಟಿಗೆ ಬಿಟ್ಟು ಮೊದಲು ಹಿಂದಕ್ಕೆ ಓಡುತ್ತಾರೆ! ಜೀನ್ಸ್ ಹೊಲಿಯುವ ಊರು ನಮ್ಮದು. ಅಂಗಡಿಯಲ್ಲಿ ಅತ್ತೆ ಪ್ಯಾಂಟನ್ನು ಒಳಗು ಹೊರಗು ಮಾಡಿ, ಹೊಲಿಗೆಯನ್ನು ಉಗುರಿನಿಂದ ಗೀರಿ ನೋಡುವಾಗ ಅಂಗಡಿಯವನ ಮುಖ ಪರೀಕ್ಷೆಗೆ ಕೂತ ಹುಡುಗನ ಮುಖದಂತಿರುತ್ತದೆ.

ಮನುಷ್ಯರು ಬಿಡಿ, ದೇವರಿಗಾದರೂ ವಿನಾಯಿತಿ ಉಂಟೇ? ಕುರುಗೋಡಿನ ದೊಡ್ಡ ಬಸವಣ್ಣನ ಮುಂದೆ ನಾವೆಲ್ಲ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದೆವು. ಕಣ್ಣು ಬಿಟ್ಟರೆ ಅತ್ತೆ ಇಲ್ಲ. ಪೂಜಾರಿಯ ಹತ್ತಿರ ನಿಂತು ಕೇಳುತ್ತಿದ್ದಾಳೆ.

"ಹಿಂದಕ್ಕ ಹೋಗಾಕ ದಾರಿ ಐತೇನ್ರಿ ಸ್ವಾಮಿ?"

"ಯಾಕ್ರೀ ತಾಯಿ?"

"ಬಾಲ ನೋಡಬೇಕಿತ್ತು."

ಪೂಜಾರಿ ಆರತಿ ತಟ್ಟೆಯನ್ನೇ ಮುಂದೆ ಹಿಡಿದರು. ಅತ್ತೆ ಆರತಿ ತೆಗೆದುಕೊಂಡು, ಗೋಡೆಗೆ ಆತುಕೊಂಡು, ಕತ್ತು ಉದ್ದ ಮಾಡಿ, ಕಾಣುವಷ್ಟು ನೋಡಿ ಬಂದಳು. ಮುಖ ಬೆಳಗಿತ್ತು. "ಯಾರೂ ನೋಡಂಗಿಲ್ಲ ಅಂತ ಗೊತ್ತಿದ್ರೂ ಹೆಂಗ ಕೆತ್ಯಾನ ನೋಡಲೇ! ಅವನ ಕೈ ದೊಡ್ಡದು" ಎಂದು ಆಮೇಲೆ ಉದ್ದಂಡ ಬಿದ್ದಳು. ನಾವು ಬಸವಣ್ಣನಿಗೆ ಕೈಮುಗಿದೆವು. ಅತ್ತೆ, ನನ್ನ ಅನುಮಾನ, ಕಲ್ಲುಕುಟಿಗನಿಗೆ.

ಇಂಥವಳು ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಊರಾಚೆಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಹಣಕಾಸಿನ ಮುಖ್ಯಸ್ಥೆಯಾಗಿದ್ದಳು. ಆಕೆಯ ಸ್ಕೂಟರ್ ಗೇಟು ದಾಟಿದರೆ ದೊಡ್ಡ ದೊಡ್ಡ ಅಧಿಕಾರಿಗಳು ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿಕೊಳ್ಳುತ್ತಿದ್ದರಂತೆ. ಒಮ್ಮೆ ಮಾಲೀಕರು ಇನ್ನೊಂದು ಸಣ್ಣ ಕಾರ್ಖಾನೆ ಕೊಳ್ಳಲು ಹೊರಟರು. ಮಾರುವವರು ಗೇಟಿಗೆ ಮಾವಿನ ತೋರಣ ಕಟ್ಟಿ, ಬಂದವರಿಗೆಲ್ಲ ಹಾರ ಹಾಕಿ, ತಣ್ಣಗಿನ ಕೋಣೆಯಲ್ಲಿ ಕೂರಿಸಿ, ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದರು. ಅತ್ತೆ ಹಾರವನ್ನು ಕುರ್ಚಿಯ ಮೇಲೆ ಕೂರಿಸಿ ತಾನು ಮಾಯವಾದಳು. ಚಿತ್ರ ಮುಗಿಯುವ ಹೊತ್ತಿಗೆ ಸೀರೆಯ ತುಂಬ ಮುಳ್ಳು ಅಂಟಿಸಿಕೊಂಡು ವಾಪಸು ಬಂದು ಮಾಲೀಕರ ಕಿವಿಯಲ್ಲಿ ಹೇಳಿದಳು:

"ಸರ, ಹಿಂದಿನ ಕುಲುಮಿಯೊಳಗ ನಾಯಿ ಮರಿ ಹಾಕೈತಿ. ಮರಿ ಆಗಲೇ ಕಣ್ಣು ಬಿಟ್ಟಾವ. ಬೆಂಕಿ ಹಚ್ಚೋ ಕುಲುಮ್ಯಾಗ ನಾಯಿ ಈಯತೈತೇನ್ರಿ?"

ವ್ಯಾಪಾರ ಅಲ್ಲಿಗೆ ಮುಗಿಯಿತು. ಮಾಲೀಕರು ಆ ಮರಿಗಳಲ್ಲಿ ಒಂದನ್ನು ಮನೆಗೆ ತಂದು ಸಾಕಿದರು. ಅದಕ್ಕೆ ಇಟ್ಟ ಹೆಸರು ಮಾತ್ರ ನಮ್ಮ ಅತ್ತೆಯದು. ಇದನ್ನು ಗೌರವ ಅನ್ನಬೇಕೋ ಏನನ್ನಬೇಕೋ ನಮಗೆ ಇವತ್ತಿಗೂ ತಿಳಿದಿಲ್ಲ!

ನಿವೃತ್ತಿಯಾದ ಮೇಲೆ ಆಪತ್ತು ಬಂದದ್ದು ನಮ್ಮ ಅವ್ವನಿಗೆ. ಇಡೀ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದ ಕಣ್ಣುಗಳು ಈಗ ಒಂದು ಅಡುಗೆಮನೆಯ ಮೇಲೆ ಬಿದ್ದವು. ಫ್ರಿಜ್ಜಿನ ಹಿಂದೆ, ಹಿಟ್ಟಿನ ಡಬ್ಬಿಯ ಹಿಂದೆ, ದೇವರ ಫೋಟೋಗಳ ಹಿಂದೆ ಅತ್ತೆ ಟಾರ್ಚು ಬಿಟ್ಟು ನೋಡತೊಡಗಿದಳು. ಅವ್ವ ದೇವರ ಮುಂದೆ ದೀಪ ಹಚ್ಚಿ ಎಲ್ಲರಿಗೂ ಕೇಳುವಂತೆ ಬೇಡಿಕೊಂಡಳು: "ಯಪ್ಪಾ, ಯಾರಾರ ಪುಣ್ಯಾತ್ಮರು ಈಕಿಗೊಂದು ಕೆಲಸ ಕೊಡಂಗ ಮಾಡಪ್ಪಾ!"

ದೇವರು ಕೇಳಿಸಿಕೊಂಡ. ಕಾಲಿಂಗ್ ಬೆಲ್ ಆಯಿತು.

ಬಂದವರು ಇಬ್ಬರು. ಕುರುಗೋಡಿನ ನಸ್ರೀನ್, ಸಿರುಗುಪ್ಪ ತಾಲೂಕಿನ ಕರೂರಿನ ಮಂಜುನಾಥ. ಒಂದೇ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, ಬಳ್ಳಾರಿಯಲ್ಲೇ ಒಂದು ತಂತ್ರಜ್ಞಾನದ ಕಂಪನಿ ಕಟ್ಟಿದವರು. ಸಿರುಗುಪ್ಪ ಕಡೆ ಭತ್ತ ಕೊಯ್ಲಿಗೆ ಬಂದಾಗ ಎಲ್ಲರಿಗೂ ಒಂದೇ ಸಲಕ್ಕೆ ಕೊಯ್ಯುವ ಮಷೀನು ಬೇಕು. ಯಾವ ಮಷೀನು ಯಾವ ಗದ್ದೆಯಲ್ಲಿದೆ, ನಿಮ್ಮ ಗದ್ದೆಗೆ ಯಾವಾಗ ಬರುತ್ತದೆ ಎಂದು ಫೋನಿನಲ್ಲೇ ತಿಳಿಸಿ, ಪಾಳಿ ಹಿಡಿದುಕೊಡುವ ಆ್ಯಪ್ ಇವರದು. ರೈತರು ಒಪ್ಪಿದ್ದರು, ಕಂಪನಿ ಬೆಳೆದಿತ್ತು. ಈಗ ಬೆಂಗಳೂರಿನ ಹೂಡಿಕೆದಾರರೊಬ್ಬರು ದೊಡ್ಡದಾಗಿ ಹಣ ಹಾಕಲು ಮುಂದೆ ಬಂದಿದ್ದರು. ಅವರದೊಂದು ಷರತ್ತು. ಸೋಮವಾರದೊಳಗೆ ನುರಿತ ಸಿಎಫ್‌ಒ ಒಬ್ಬರನ್ನು ನೇಮಿಸಬೇಕು. ಬಳ್ಳಾರಿಯಲ್ಲಿ ಸಿಗದಿದ್ದರೆ ಅವರೇ ಬೆಂಗಳೂರಿನವರೊಬ್ಬರನ್ನು ಕೊಡುತ್ತಾರೆ, ಆಗ ಆಫೀಸೂ ಬೆಂಗಳೂರಿಗೇ ಹೋಗಬೇಕು.

"ನಮ್ಮ ಆಫೀಸಿನಾಗ ರೈತರ ಫೋನು ಎತ್ತೋರು ಬರೀ ಹುಡುಗ್ಯಾರ ಅದಾರ ಮೇಡಂ" ಎಂದಳು ನಸ್ರೀನ್. "ಕುರುಗೋಡು, ಕೊಳಗಲ್ಲು, ಸಿರುಗುಪ್ಪದಿಂದ ದಿನಾ ಬಸ್ಸಿಗೆ ಬರ್ತಾರ. ಬೆಂಗಳೂರಂದ್ರ ಅವರ ಮನ್ಯಾಗ ಕಳಸಂಗಿಲ್ರೀ. ಕೆಲಸ ಬಿಡಿಸಿ ಕುಂದ್ರಸ್ತಾರ. ನಮ್ಮ ಅಬ್ಬಾನೂ ಅದನ್ನೇ ಅನ್ನಾಕ ಹತ್ಯಾರ."

"ಸಿಎಫ್‌ಒ ಅಂದ್ರ ಏನಲೇ?" ಎಂದು ಅಪ್ಪ ನನ್ನ ಕಿವಿಯಲ್ಲಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಮನ್ಯಾಗ ಕೀಲಿಕೈ ಗೊಂಚಲಾ ಯಾರ ಸೊಂಟದಾಗ ಇರ್ತೈತೋ, ಆಕಿ." ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಹೇಳೀತು?

ಅತ್ತೆ ಇಬ್ಬರನ್ನೂ ಕಣ್ಣಿನಿಂದಲೇ ಒಳಗು ಹೊರಗು ಮಾಡಿ ನೋಡಿ, ಕೇಳಿದಳು. "ನೀವು ಬಂದು ನನ್ನ ನೋಡಿದ್ರಿ. ನಿಮಗ ಒಪ್ಪಿಗಿ ಆತೇನು?"

"ಆತ್ರೀ ಮೇಡಂ!" ಇಬ್ಬರೂ ಒಟ್ಟಿಗೆ.

"ಹಂಗಾರ ಈಗ ನಮ್ಮೋರು ಬಂದು ನಿಮ್ಮ ಮನಿ ನೋಡತಾರ."

ನಾವು ತಬ್ಬಿಬ್ಬು! ನಮ್ಮ ಕಡೆ ಮದುವೆಯ ಮಾತಿನಲ್ಲಿ ಗಂಡಿನವರು ಬಂದು ಹೆಣ್ಣು ಒಪ್ಪಿದ ಮೇಲೆ, ಹೆಣ್ಣಿನ ಕಡೆಯ ಹಿರಿಯರು ಗಂಡಿನ ಊರಿಗೆ ಹೋಗಿ ಮನೆ ನೋಡಿ ಬರುತ್ತಾರೆ. ಹಿತ್ತಲು ಹೇಗಿದೆ, ಹುಲ್ಲಿನ ಬಣವಿ ಎಷ್ಟು ಎತ್ತರ ಇದೆ, ನೀರಿಗೆ ಎಷ್ಟು ದೂರ ಹೋಗಬೇಕು, ಅತ್ತೆಯಾಗುವವಳ ದನಿ ಎಷ್ಟು ಮನೆಗೆ ಕೇಳುತ್ತದೆ ಎಲ್ಲ ನೋಡಬೇಕು. ಹೆಣ್ಣು ಹೋಗುವಂತಿಲ್ಲ. ಮತ್ತೆ ಒಂದು ಮುಖ್ಯ ಮಾತು. ಮನಸ್ಸಿಗೆ ಬರುವ ತನಕ ಆ ಮನೆಯಲ್ಲಿ ತಿನ್ನುವಂತಿಲ್ಲ. ತಿಂದರೆಂದರೆ ಮಾತು ಕೊಟ್ಟ ಹಾಗೆ. ಆಮೇಲೆ ಹಿಂದೆ ಸರಿದರೆ ನಾಲ್ಕು ಊರಲ್ಲಿ ತಲೆ ಎತ್ತುವಂತಿಲ್ಲ.

ಕಂಪನಿಗೆ ಮನೆ ನೋಡುವ ಶಾಸ್ತ್ರವೇ! ಆದರೆ ಅತ್ತೆ ಹೇಳಿದ್ದಾಳೆಂದರೆ ಹೇಳಿದ್ದಾಳೆ. ಶುಕ್ರವಾರ ಮಧ್ಯಾಹ್ನ ಅಪ್ಪ ತಲೆಗೆ ಬಿಳಿ ಪಟಗ ಸುತ್ತಿದ, ಅವ್ವ ಇಳಕಲ್ ಸೀರೆ ಉಟ್ಟಳು, ನಾನು ಆಟೋ ತಂದೆ.

"ಮೂರು ಮಂದಿ ಹೋಗಬಾರದಲ್ಲ ಇಂಥಾ ಕೆಲಸಕ್ಕ?" ಅವ್ವ ಹೊಸ್ತಿಲಲ್ಲೇ ನಿಂತಳು.

"ನಾನು ಫೋನಿನಾಗ ಇರ್ತೀನಲ್ಲ ಅತ್ತಿಗಿ, ನಾಕು ಆತು. ನಡ್ರಿ."

ಹೆಣ್ಣು ಹೋಗಬಾರದು ಎಂಬ ಶಾಸ್ತ್ರವನ್ನು ಅತ್ತೆ ಅಕ್ಷರಶಃ ಪಾಲಿಸಿದಳು. ಆಫೀಸಿನ ಮೆಟ್ಟಿಲು ಹತ್ತಲಿಲ್ಲ. ಎದುರಿಗೇ ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಕಿವಿಗೆ ಫೋನು ಹಚ್ಚಿಕೊಂಡು, ನಮ್ಮನ್ನು ಮೇಲೆ ಅಟ್ಟಿದಳು.

ಆಫೀಸು ಒಂದು ಜೀನ್ಸ್ ಹೊಲಿಯುವ ಶೆಡ್ಡಿನ ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ಮಷೀನುಗಳ ಸದ್ದಿಗೆ ಮೇಲಿನ ನೆಲ ಸಣ್ಣಗೆ ನಡುಗುತ್ತಿತ್ತು. ಒಳಗೆ ನೋಡಿದರೆ ಹುಡುಗಿಯರೆಲ್ಲ ತಲೆಗೆ ಹೂ ಮುಡಿದು ಸಾಲಾಗಿ ನಿಂತಿದ್ದಾರೆ! ಮನೆ ನೋಡಲು ಬರುತ್ತಾರೆ ಎಂದು ಮಂಜುನಾಥ ಹೇಳಿಬಿಟ್ಟಿದ್ದ. ಅವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಕಂಪ್ಯೂಟರುಗಳಿಗೆ ಕುಂಕುಮ, ಮೇಜಿನ ಮೇಲೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ. ನಸ್ರೀನ್ ಅವ್ವನಿಗೆ ಒಂದೊಂದೇ ತೋರಿಸುತ್ತ ಹೋದಳು. ಅವ್ವ ಸರ್ವರ್ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಬೆಚ್ಚಗೈತವ್ವಾ, ಚಂದ ಸಾಕೀರಿ" ಎಂದಳು.

ಇತ್ತ ನನ್ನ ಕಿವಿಯಲ್ಲಿ ಅತ್ತೆ. "ಲೇ, ಆ ಹುಡುಗ್ಯಾರು ಇಬ್ಬಿಬ್ಬರ ಇಳದು ಎಲ್ಲಿಗೆ ಹೊಂಟಾರ?"

"ಯಾರತ್ತಿ?"

"ನಾ ಕುಂತಾಗಿಂದ ನೋಡಾಕ ಹತ್ತೀನಿ. ಇಬ್ಬರು ಇಳೀತಾರ, ಮೂಲಿ ಹೋಟೆಲಿಗೆ ಹೊಕ್ಕತಾರ, ಏನೂ ತಿನ್ನದ ಹಂಗ ಹೊರಗ ಬರ್ತಾರ. ಆಮ್ಯಾಲ ಇನ್ನಿಬ್ಬರು. ಅತ್ತಿಗಿಗೆ ಹೇಳು, ಬಾತ್‌ರೂಮ್ ಎಲ್ಲೈತಿ ಅಂತ ಕೇಳ್ಲಿ."

ಅವ್ವ ಕೇಳಿದಳು. ಹುಡುಗಿಯರು ಕೈ ತೋರಿಸಿದರು. ಮೂಲೆಯಲ್ಲಿ ಒಂದು ಬಾಗಿಲಿತ್ತು, ಅದಕ್ಕೆ ಬೀಗವಿತ್ತು. ಕೊಯ್ಯುವ ಮಷೀನುಗಳಿಗೆ ಕೂರಿಸುವ ಸಾಮಾನಿನ ರಟ್ಟಿನ ಡಬ್ಬಿಗಳನ್ನು ಎರಡು ದಿನದ ಮಟ್ಟಿಗೆ ಎಂದು ಅದರೊಳಗೆ ತುಂಬಿದ್ದರಂತೆ. ಆ ಎರಡು ದಿನ ಇನ್ನೂ ಮುಗಿದಿರಲಿಲ್ಲ.

ನಸ್ರೀನ್ ತಲೆ ತಗ್ಗಿಸಿದಳು. "ನಾನೂ ಹೋಟೆಲಿಗೇ ಹೋಗ್ತೀನ್ರಿ. ರೂಢಿ ಆಗಿಬಿಟ್ಟಿತ್ತು..."

ನಾನು ಫೋನಿನಲ್ಲಿ ವರದಿ ಒಪ್ಪಿಸಿದೆ. ನೋಡಿ, ಮೇಲೆ ನಿಂತ ನಾವು ಮೂವರು ಕುಂಕುಮ ನೋಡಿ ಮರುಳಾಗಿದ್ದೆವು. ರಸ್ತೆಯಾಚೆ ಚಹಾ ಕುಡಿಯುತ್ತ ಕೂತವಳು ಮುಚ್ಚಿದ ಬಾಗಿಲನ್ನು ಕಂಡಿದ್ದಳು!

"ಮನಿ ಬ್ಯಾಡ" ಎಂದಳು ಅತ್ತೆ. "ಹೆಣಮಕ್ಕಳನ್ನ ಹಿಂಗ ಇಟ್ಟ ಮನಿ ನಮಗ ಬ್ಯಾಡ. ಏನೂ ತಿನ್ನಬ್ಯಾಡ್ರಿ, ಹಂಗ ಇಳದು ಬರ್ರಿ."

ಸಿಟ್ಟು ನೆತ್ತಿಗೇರಿದರೆ ಬಳ್ಳಾರಿಯ ಮನುಷ್ಯ ತೆಲುಗಿಗೆ ಹೊರಳುತ್ತಾನೆ. ಅತ್ತೆಯೂ ಹೊರಳಿದಳು. "ದಿಗಿ ರಾರಾ!" ಎಂದರೆ ಇಳಿದು ಬಾರೋ ಎಂದು.

ನಾನು ತಿರುಗಿ ನೋಡಿದೆ. ಅಪ್ಪ ಎರಡನೇ ಮಿರ್ಚಿಯಲ್ಲಿದ್ದ.

ಅಪ್ಪನಿಗೆ ಮನೆಯಲ್ಲಿ ಮಿರ್ಚಿ ಬಂದ್. ಡಾಕ್ಟರು ಒಂದು ಹೇಳಿದರೆ ಅವ್ವ ಅದಕ್ಕೆ ಎರಡು ಸೇರಿಸಿ ಜಾರಿಗೆ ತಂದಿದ್ದಳು. ಎಲ್ಲರೂ ಬೀಗ ಹಾಕಿದ ಬಾಗಿಲಿನ ಕಡೆ ನೋಡುತ್ತಿದ್ದಾಗ ಆತನಿಗೆ ಮೇಜಿನ ಪಕ್ಕ ಏಕಾಂತ ಸಿಕ್ಕಿತ್ತು. "ಅಪ್ಪಾ!" ಎಂದೆ. ಆತ ಬಾಯ್ತುಂಬ ಮಂಡಕ್ಕಿ ತುಂಬಿಕೊಂಡು ತಲೆಯಾಡಿಸಿದ. ಆ ತಲೆಯಾಡಿಸುವಿಕೆ ಇಡೀ ಆಫೀಸಿಗೆ ಕಂಡಿತು.

"ತಿಂದ್ರು! ಹಿರೇರು ತಿಂದ್ರು!" ಎಂದು ಒಬ್ಬಳು ಕೂಗಿದಳು. ಚಪ್ಪಾಳೆಯೋ ಚಪ್ಪಾಳೆ! ಕೊಳಗಲ್ಲಿನ ಹುಡುಗಿ ಅವ್ವನ ಕಾಲಿಗೇ ಬಿದ್ದಳು. ಮಂಜುನಾಥ ಕಣ್ಣೊರೆಸಿಕೊಳ್ಳುತ್ತ ಬೆಂಗಳೂರಿಗೂ ಪತ್ರಿಕೆಯವರಿಗೂ ಫೋನು ಹಚ್ಚಿಯೇಬಿಟ್ಟ. ಮರುದಿನ ಬೆಳಿಗ್ಗೆ ಪತ್ರಿಕೆಯೊಂದರ ಬಳ್ಳಾರಿ ಪುಟದಲ್ಲಿ ಸುದ್ದಿ: ತಂತ್ರಜ್ಞಾನ ಕಂಪನಿಗೆ ನೂತನ ಸಿಎಫ್‌ಒ. ಜೊತೆಗೆ ಅತ್ತೆಯ ಫೋಟೋ. ಯಾವುದೋ ಮದುವೆಯ ಆಲ್ಬಮ್ಮಿನಿಂದ ಕತ್ತರಿಸಿದ್ದು. ಪಕ್ಕದಲ್ಲಿ ಅವ್ವನ ಅರ್ಧ ಕಿವಿ, ಪೂರ್ತಿ ಬೆಂಡೋಲೆ.

ಅತ್ತೆ ಪತ್ರಿಕೆ ಮಡಿಸಿಟ್ಟು ಅಪ್ಪನ ಮುಂದೆ ನಿಂತಳು. ಅಪ್ಪ ಗೋಡೆ ನೋಡಿದ.

"ಎಷ್ಟು ತಿಂದಿ ಅಣ್ಣಾ?"

"ಎಣಿಸಲಿಲ್ಲವ್ವಾ."

ಆಕೆ ಬೇಡ ಎಂದರೆ ಆ ಹುಡುಗಿಯರ ಗತಿ? ಹ್ಞೂಂ ಎಂದರೆ ಆಕೆಯ ಜನ್ಮದ ಸಿದ್ಧಾಂತದ ಗತಿ?

"ತಿಂದ ಮ್ಯಾಲ ಮಾತು ಮಾತೇ" ಎಂದಳು ಕಡೆಗೆ. "ಆದ್ರ ನಾ ಕಾಲಿಡೋದ್ರೊಳಗ ಆ ಬಾಗಲಾ ತೆರದಿರಬೇಕು. ಒಳಗ ನೀರು ಬರಬೇಕು. ಒಳಗಿಂದ ಹಾಕ್ಕೊಳ್ಳೋ ಚಿಲಕ ಗಟ್ಟಿ ಇರಬೇಕು. ಅದರಾಗ ಒಂದು ಕಡಿಮಿ ಇದ್ರೂ ನಾ ತಿರುಗಿ ಬರ್ತೀನಿ. ಆಗ ಊರ ಮುಂದ ತಲಿ ತಗ್ಗಸೋದು ಅವರು, ನಾವಲ್ಲ."

ಆ ಇಡೀ ದಿನ ಮಂಜುನಾಥ ಯಾರ ಕೈಗೂ ಕೊಡದೆ ತಾನೊಬ್ಬನೇ ಡಬ್ಬಿಗಳನ್ನು ಹೊತ್ತನಂತೆ.

ಭಾನುವಾರ ಹೂಡಿಕೆದಾರರೇ ಬೆಂಗಳೂರಿನಿಂದ ಕಾರಿನಲ್ಲಿ ಬಂದಿಳಿದರು. ಬಿಳಿ ಬೂಟು, ಮೆಲು ಮಾತು. ಅತ್ತೆಯನ್ನು ಸಂದರ್ಶನ ಮಾಡಬೇಕಿತ್ತು. ಅತ್ತೆ ಅವರ ಕಾರಿನಲ್ಲೇ ಅವರನ್ನು ಕೂರಿಸಿಕೊಂಡು, ದಾರಿ ತೋರಿಸಲು ನನ್ನನ್ನೂ ಹತ್ತಿಸಿಕೊಂಡು, ಸೀದಾ ಕರೂರಿನ ಗದ್ದೆಗೆ ಹೊರಟಳು.

"ಇನ್ನೈದು ವರ್ಷಕ್ಕೆ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ ಮೇಡಂ?" ಎಂದು ಅವರು ದಾರಿಯಲ್ಲಿ ಶುರುಮಾಡಿದರು.

"ಕನ್ನಡಿಯಾಗ್ರಿ. ಅದಿರ್ಲಿ, ನಿಮ್ಮ ಆ್ಯಪ್‌ನ ಹಿಂದ ಏನೈತಿ ನೋಡೀರೇನು?"

ಅವರು ಕೋಡು, ಕ್ಲೌಡು ಎಂದೆಲ್ಲ ವಿವರಿಸಿದರು. ಅತ್ತೆ ಶಿಸ್ತಾಗಿ ತಲೆಯಾಡಿಸಿದಳು. ಗದ್ದೆಯ ಬದುವಿನಲ್ಲಿ ಒಬ್ಬ ಹೆಂಗಸು ಫೋನು ಹಿಡಿದು ನಿಂತಿದ್ದಳು. ಆ್ಯಪ್ ತೆರೆದಿತ್ತು, ಮಷೀನಿನ ಗುರುತು ಪರದೆಯ ಮೇಲೆ ಮಿಣಮಿಣ ಎನ್ನುತ್ತಿತ್ತು. ಆಕೆ ಅದನ್ನು ನೋಡಿ, ಬೆರಳಿನಿಂದ ಒಂದು ಗುಂಡಿ ಒತ್ತಿ, ಫೋನನ್ನು ಕಿವಿಗಿಟ್ಟುಕೊಂಡಳು. "ಗಂಗಾ, ಮಷೀನು ಬರ್ತೈತಂತ ತೋರಸಾಕ ಹತ್ತೈತಿ. ಖರೇನಾ ಯವ್ವಾ? ... ಕಾಲುವಿ ದಾರಿ ಹಿಡೀಬ್ಯಾಡ ಅನ್ನು ಅವಗ, ಹೂತಕೊಂತೈತಿ. ... ಉಂಡೇನು ನೀನು?"

"ಗಂಗಾ ಯಾರು?" ಎಂದರು ಹೂಡಿಕೆದಾರರು.

"ಆ್ಯಪ್‌ನ ಹಿಂದ ಇರಾಕಿ, ನಮ್ಮ ಆಫೀಸಿನ ಹುಡುಗಿ" ಎಂದಳು ಅತ್ತೆ. "ನಿಮ್ಮ ಕ್ಲೌಡಿಗಿಂತ ಸ್ವಲ್ಪ ಈಚಿಗೆ ಕುಂತಿರ್ತಾಳ. ಆಫೀಸು ಬೆಂಗಳೂರಿಗೆ ಹೋದ್ರ ಕೋಡು ಬರ್ತೈತಿ ಸರ, ಗಂಗಾ ಬರಂಗಿಲ್ಲ."

ಅವರು ಬದು ಇಳಿದು ಗದ್ದೆಯೊಳಗೆ ನಾಲ್ಕು ಹೆಜ್ಜೆ ಹೋಗಿ ನಿಂತರು. ಬಿಳಿ ಬೂಟು ಆಗಲೇ ಬಣ್ಣ ಬದಲಿಸಿತ್ತು. ಆಮೇಲೆ ಮನಸಾರೆ ನಕ್ಕರು. "ಆಫೀಸು ಇಲ್ಲೇ ಇರಲಿ ಮೇಡಂ. ನಮ್ಮನ್ನೂ ಹಿಂದಿನಿಂದ ನೋಡಿಬಿಡಿ, ಮುಗಿದುಹೋಗಲಿ."

"ನೋಡಿ ಆತ್ರಿ. ಕಾರಿಂದ ಇಳದ ಕೂಡ್ಲೇ ಡ್ರೈವರಗ ನಾಷ್ಟಾ ಆತೇನಪಾ ಅಂತ ಕೇಳಿದ್ರಲ್ಲ? ಪಾಸಾದ್ರಿ."

ಅಷ್ಟು ದೊಡ್ಡ ಮನುಷ್ಯರು ಪರೀಕ್ಷೆ ಪಾಸಾದ ಸುದ್ದಿ ಕೇಳಿ ಹುಡುಗರಂತೆ ಕೆಂಪಾದದ್ದನ್ನು ನಾನು ನನ್ನ ಕಣ್ಣಿನಿಂದ ನೋಡಿದ್ದೇನೆ!

ಸೋಮವಾರ ಬೆಳಿಗ್ಗೆ. ಬಾತ್‌ರೂಮಿನ ಚಿಲಕದ ವೀಡಿಯೋವನ್ನು ನಸ್ರೀನ್ ಕಳಿಸಿದ್ದಳು. ತೆಗೆದು ಹಾಕಿ, ತೆಗೆದು ಹಾಕಿ ತೋರಿಸಿದ್ದಳು. ಅತ್ತೆ ನೀಲಿ ಸೀರೆ ಉಟ್ಟು, ಹೆಗಲಿಗೆ ಚೀಲ ಏರಿಸಿ ಹೊರಟು ನಿಂತಳು. ನಾನು ಬಾಗಿಲಲ್ಲಿ ಸ್ಕೂಟರ್ ಚಾಲೂ ಮಾಡಿದ್ದೆ.

"ನಿಲ್ಲು" ಎಂದು ಒಳಗಿನಿಂದ ಅವ್ವ ಬಂದಳು. ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಅರಿಶಿಣ ಕೊಂಬು, ಎಲೆ ಅಡಿಕೆ, ಮೇಲೊಂದು ಹೊಸ ಕುಪ್ಪಸದ ಖಣ.

"ಉಡಿ ಒಡ್ಡು."

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. "ಏನಿದು ಅತ್ತಿಗಿ? ನಾ ಆಫೀಸಿಗೆ ಹೊಂಟೀನಿ. ಇದೆಲ್ಲಾ ನನಗ ಸಲ್ಲಂಗಿಲ್ಲ."

"ಮನಿ ನೋಡಿ ಬಂದೀವಿ. ಅಲ್ಲಿ ತಿಂದೀವಿ. ಮಗಳನ್ನ ಖಾಲಿ ಉಡೀಲೆ ಕಳಸಾಕ ಬರ್ತೈತೇನು? ಸಲ್ಲತೈತೋ ಇಲ್ಲೋ ನಾ ನೋಡ್ಕೊಂತೀನಿ. ಒಡ್ಡು."

ಅಪ್ಪ ಎದ್ದು ನಿಂತು ತಲೆಗೆ ಟೋಪಿ ಹಾಕಿಕೊಂಡ.

ಅತ್ತೆ ಚೀಲ ಕೆಳಗಿಟ್ಟಳು. ಸೆರಗನ್ನು ಎರಡು ಕೈಯಲ್ಲಿ ಹಿಡಿದು ಒಡ್ಡಿದಳು. ಅವ್ವ ಅಕ್ಕಿ ಸುರಿಯುತ್ತಿದ್ದಾಗ ಅತ್ತೆ, ತಲೆ ಎತ್ತದೆ, ಯಾರಿಗೋ ಹೇಳಿದಂತೆ ಹೇಳಿದಳು:

"ನನ್ನ ನೋಡಾಕ ಎಷ್ಟೊಂದು ಮಂದಿ ಬಂದ್ರಲ್ಲ ಆಗ. ಹೊಳ್ಳಿ ಮನಿ ನೋಡಾಕ ಬರ್ರಿ ಅಂತ ಒಬ್ಬರೂ ಅನ್ನಲಿಲ್ಲ. ನನ್ನ ಸಲುವಾಗಿ ಅಣ್ಣ ಪಟಗ ಸುತ್ತಿದ್ದು ಮೊನ್ನೇನೇ ಮೊದಲು ನೋಡು."

ಅಪ್ಪ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅವ್ವ ಬೆಲ್ಲದ ಅಚ್ಚನ್ನು ಉಡಿಯೊಳಗಿಟ್ಟು, ನಾದಿನಿಯ ಕೆನ್ನೆ ಸವರಿ, "ಹೋಗಿ ಬಾ" ಎಂದಳು.

ಉಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೋ ಅಂದರೆ ಅತ್ತೆ ಕೇಳಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೇ ಸ್ಕೂಟರಿನ ಹಿಂದೆ ಕೂತಳು. ನನ್ನನ್ನು ಹಿಡಿದುಕೊಳ್ಳಲು ಆಕೆಗೆ ಕೈಯೇ ಉಳಿದಿರಲಿಲ್ಲ. "ಲೇ, ಗುಂಡಿ ನೋಡ್ಕೊಂಡು ಹೊಡಿಯಪಾ" ಎಂದಳು.

ಅಷ್ಟು ನಿಧಾನವಾಗಿ ನಾನು ಜನ್ಮದಲ್ಲಿ ಗಾಡಿ ಓಡಿಸಿಲ್ಲ. ರಾಯಲ್ ಸರ್ಕಲ್ಲಿನಲ್ಲಿ ಹಿಂದಿನ ಬಸ್ಸಿನವನು ಹಾರ್ನ್ ಹೊಡೆದೇ ಹೊಡೆದ. ಹೊಡೆಯಲಿ ಬಿಡಿ, ಅವನಿಗೇನು ಗೊತ್ತು?